ಬಿಲ್ಲಿನ ಜಗಳ ಬೇರೆ, ಸಾಲದ ಕಂತು ಬೇರೆ

ಓದುಗರ ಪತ್ರ (ಸಂಗ್ರಹಿಸಿದೆ): ಅಪ್ಪನಿಗೆ ಹೃದಯಾಘಾತವಾಗಿ ಸೋಮವಾರ ರಾತ್ರಿ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಹೃದಯದ ರಕ್ತನಾಳದ ತಡೆ ಬಿಡಿಸುವ ಆಂಜಿಯೋಪ್ಲಾಸ್ಟಿ ಮಾಡಿ, ನಾಳ ಮತ್ತೆ ಮುಚ್ಚದಂತೆ ಹಿಡಿಯುವ ಸಣ್ಣ ಕೊಳವೆ, ಅಂದರೆ ಒಂದು ಸ್ಟೆಂಟ್ ಹಾಕಿದರು. ಶುಕ್ರವಾರ ಮಧ್ಯಾಹ್ನ ಡಿಸ್ಚಾರ್ಜ್. ಬಿಲ್ 3,60,000 ರೂಪಾಯಿ ಆಯಿತು, ವಿಮೆ ಕಂಪನಿ 2,20,000 ಮಾತ್ರ ಮಂಜೂರು ಮಾಡಿತು. ಮೊದಲೇ ಕಟ್ಟಿದ್ದ 40,000 ಕಳೆದು ಉಳಿದ ಒಂದು ಲಕ್ಷಕ್ಕೆ ಆಸ್ಪತ್ರೆಯ ಕೌಂಟರಿನಲ್ಲೇ ಫೈನಾನ್ಸ್ ಕಂಪನಿಯೊಂದರಿಂದ ಇಎಂಐ ಮಾಡಿಸಿದರು. ಬಿಲ್ಲಿನಲ್ಲಿ ತಪ್ಪಿದೆ ಅಂತ ಅನಿಸಿ ನಾಲ್ಕನೇ ಕಂತಿನಿಂದ ಕಟ್ಟುವುದನ್ನು ನಿಲ್ಲಿಸಿದ್ದೇನೆ. ಈಗ ರಾತ್ರಿ ಒಂಬತ್ತಕ್ಕೆ ಫೋನ್ ಬರುತ್ತದೆ. ನಾನು ಲೆಕ್ಕ ಬರೆಯುವ ದಲಾಲಿ ಅಂಗಡಿಯ ಸಾಹುಕಾರರಿಗೂ ಫೋನ್ ಮಾಡಿದ್ದಾರೆ. ಪೊಲೀಸರನ್ನು ಕಳಿಸುತ್ತೇವೆ ಅನ್ನುತ್ತಾರೆ. ಬೋರಮಾಳ ಮಾರಿ ಅವರ ಬಾಯಿ ಮುಚ್ಚಿಸು ಅಂತ ಅವ್ವ ಅಳುತ್ತಾಳೆ. ಏನು ಮಾಡಲಿ? — ಬ್ಯಾಡಗಿ ತಾಲ್ಲೂಕಿನ ಓದುಗ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಬ್ಯಾಡಗಿಯ ಗೆಳೆಯರೇ,

ಬಂಗಾರ ಮಾರಬೇಡಿ. ಅವ್ವನಿಗೆ ಇವತ್ತೇ ಹೇಳಿ. ನೀವು ಕಳಿಸಿದ ಜೆರಾಕ್ಸ್ ಪ್ರತಿಗಳನ್ನೆಲ್ಲ ವಿಮೆಯ ಕೆಲಸ ಬಲ್ಲ ಗೆಳೆಯರೊಬ್ಬರ ಜೊತೆ ಕೂತು ಓದಿದ್ದೇನೆ. ನಿಮಗೆ ವಾಪಸ್ ಬರಬೇಕಾದ ದುಡ್ಡು ಅದರಲ್ಲಿದೆ, ಅದೂ ಸಣ್ಣ ಮೊತ್ತವಲ್ಲ.

ಆದರೆ ಕಂತು ನಿಲ್ಲಿಸಿದ್ದು ಸರಿಯಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು, ತೋರಿಸಿದ ಜಾಗ ಮಾತ್ರ ತಪ್ಪು. ಕೌಂಟರಿನಲ್ಲಿ ಸಹಿ ಹಾಕಿ ಓಟಿಪಿ ಹೇಳಿದ ಮೇಲೆ ಫೈನಾನ್ಸ್ ಕಂಪನಿ ಆಸ್ಪತ್ರೆಗೆ ಹಣ ಕೊಟ್ಟು ಮುಗಿಸಿದೆ. ಆಸ್ಪತ್ರೆಯ ಬಾಕಿ ಬಾಕಿಯಾಗಿಯೇ ಉಳಿದಿದ್ದರೆ ಅದು ನಿಮ್ಮಿಬ್ಬರ ನಡುವಿನ ಸಿವಿಲ್ ವ್ಯವಹಾರ, ಆಸ್ಪತ್ರೆ ತಾನಾಗಿ, ಯಾರು ಸಾಲ ಹೇಗೆ ತೀರಿಸುತ್ತಾರೆ ಎಂದು ದಾಖಲಿಸುವ ಸಿಬಿಲ್‌ಗೆ ಬರೆಯಲು ಬರುವುದಿಲ್ಲ. ಈಗ ಅದು ಸಾಲ. ಕಂತು ತಪ್ಪಿದರೆ ಸಿಬಿಲ್‌ನಲ್ಲಿ ದಾಖಲಾಗುತ್ತದೆ, ದಂಡ ಬೀಳುತ್ತದೆ. ‘ಬಡ್ಡಿ ಇಲ್ಲದ ಇಎಂಐ’ ಅಂದರೂ ಅಷ್ಟೇ. ರೋಗಿಯ ಮನೆಯವರು ಕಂಗಾಲಾಗಿ ನಿಂತಿರುವ ಹೊತ್ತಿನಲ್ಲಿ, ಬಿಲ್ಲಿನ ವಿವರ ಕೈಗೆ ಕೊಡುವ ಮೊದಲೇ ಸಾಲದ ಅರ್ಜಿ ಮುಂದಿಡುವುದು ಅನ್ಯಾಯ. ಈ ಮಾತನ್ನು ಈ ಪುಟದಲ್ಲಿ ಎಷ್ಟು ಸಲ ಬೇಕಾದರೂ ಬರೆಯುತ್ತೇನೆ.

ಪೊಲೀಸ್ ಮಾತಿಗೆ ಬರೋಣ. ಸಾಲದ ಕಂತು ಕಟ್ಟಲಾಗದ್ದಕ್ಕೆ ಪೊಲೀಸರು ಮನೆಗೆ ಬರುವುದಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ನಿಮ್ಮ ಕಂತು ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ವ್ಯವಸ್ಥೆಯಲ್ಲಿದೆ. ಖಾತೆಯಲ್ಲಿ ಹಣವಿಲ್ಲದೆ ಅದು ಬೌನ್ಸ್ ಆದರೆ, 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನಡಿ ಚೆಕ್ ಬೌನ್ಸ್‌ನಂತೆಯೇ ಕೋರ್ಟಿಗೆ ಹೋಗಲು ಕಂಪನಿಗೆ ದಾರಿಯಿದೆ. ಅದಕ್ಕೆ ಮೊದಲು ಲಿಖಿತ ನೋಟಿಸ್ ಬರಬೇಕು, ಕೈಸೇರಿದ ಮೇಲೆ ಹಣ ಕಟ್ಟಲು 15 ದಿನ ಇರುತ್ತದೆ. ಆದ್ದರಿಂದ ಏಜೆಂಟನ ಬೆದರಿಕೆಗೆ ಹೆದರಬೇಡಿ, ಅಂಚೆಯಲ್ಲಿ ಬಂದ ನೋಟಿಸನ್ನು ಮಾತ್ರ ಒಡೆಯದೆ ಇಡಬೇಡಿ.

ಏಜೆಂಟರು ನಡೆದುಕೊಂಡ ರೀತಿಗೆ ರಿಸರ್ವ್ ಬ್ಯಾಂಕಿನ ನಿಯಮ ಸ್ಪಷ್ಟವಾಗಿದೆ. 2022ರ ಆಗಸ್ಟ್ 12ರ ಸುತ್ತೋಲೆಯ ಪ್ರಕಾರ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಸಾಲಗಾರನ ಮನೆಯವರ, ಸ್ನೇಹಿತರ ಖಾಸಗಿತನಕ್ಕೆ ಕೈಹಾಕುವಂತಿಲ್ಲ, ನಾಲ್ಕು ಜನರ ಮುಂದೆ ಅವಮಾನ ಮಾಡುವಂತಿಲ್ಲ. ನಿಮ್ಮ ಸಾಹುಕಾರರಿಗೆ ಫೋನ್ ಮಾಡಿದ್ದೇ ದೊಡ್ಡ ತಪ್ಪು. ಕರೆ ಬಂದ ತಾರೀಕು, ಸಮಯ, ನಂಬರ್ ಬರೆದಿಡಿ. ಸಾಹುಕಾರರ ಮೊಬೈಲಿನ ಕರೆಪಟ್ಟಿಯ ಸ್ಕ್ರೀನ್‌ಶಾಟ್ ಕೇಳಿ ಪಡೆಯಿರಿ. ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಮಾಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿಯಾದ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಅದೇ ಇಮೇಲಿನಲ್ಲಿ ಸಾಲದ ಒಪ್ಪಂದದ ಪ್ರತಿ ಮತ್ತು ಇವತ್ತಿನವರೆಗಿನ ಖಾತೆ ವಿವರ ಕೇಳಿ. ವಿಮೆಯ ಹಣ ಬರಬೇಕಿದೆ, ಅಲ್ಲಿಯವರೆಗೆ ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸಿ ಎಂದು ಬರೆಯಿರಿ. ‘ಅರ್ಧ ಕಟ್ಟಿ ಸೆಟಲ್‌ಮೆಂಟ್ ಮಾಡ್ಕೊಳ್ಳಿ’ ಅಂತ ಏಜೆಂಟ್ ಹೇಳಿದರೆ ಹೂಂ ಅನ್ನಬೇಡಿ. ಸಿಬಿಲ್‌ನಲ್ಲಿ ‘ಸೆಟಲ್ಡ್’ ಅಂತ ಬಿದ್ದರೆ ನಾಳೆ ಬೆಳೆಸಾಲಕ್ಕೋ ಗಾಡಿ ಸಾಲಕ್ಕೋ ಹೋದಾಗ ಬ್ಯಾಂಕಿನವರು ಹಿಂದೇಟು ಹಾಕುತ್ತಾರೆ. ಹಣವನ್ನು ಏಜೆಂಟನ ಕೈಗಾಗಲಿ ಅವನ ಫೋನ್‌ಪೇಗಾಗಲಿ ಕೊಡಬೇಡಿ, ಕಂಪನಿಯ ಸಾಲದ ಖಾತೆಗೇ ಹಾಕಿ.

ಇನ್ನು ಬಿಲ್. ದಲಾಲಿ ಅಂಗಡಿಯಲ್ಲಿ ಕಿರ್ದಿಗೂ ಖಾತೆಗೂ ತಾಳೆ ಹಾಕುವವರು ನೀವು, ಆಸ್ಪತ್ರೆಯ ಬಿಲ್ಲನ್ನೂ ಹಾಗೇ ನೋಡಬೇಕು. ಒಂದು ಕಡೆ ಬಿಲ್ ಇಡಿ, ಇನ್ನೊಂದು ಕಡೆ ಡಿಸ್ಚಾರ್ಜ್ ಸಮ್ಮರಿ ಮತ್ತು ದಿನದಿನದ ಚಿಕಿತ್ಸೆ ಬರೆದಿಟ್ಟ ಕೇಸ್ ಶೀಟ್ ಇಡಿ. ಕೇಸ್ ಶೀಟ್ ನಿಮ್ಮ ಬಳಿ ಇಲ್ಲ. ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ದಾಖಲೆಯನ್ನು ಮೂರು ವರ್ಷ ಇಟ್ಟುಕೊಂಡಿರುವುದೂ ಅದೇ ನಿಯಮದ ಪ್ರಕಾರ ಕಡ್ಡಾಯ.

ನಮ್ಮ ಕಣ್ಣಿಗೆ ಬಿದ್ದದ್ದು ಇಷ್ಟು. ಸೋಮವಾರ ರಾತ್ರಿಯಿಂದ ಶುಕ್ರವಾರ ಮಧ್ಯಾಹ್ನಕ್ಕೆ ನಾಲ್ಕು ರಾತ್ರಿ. ಬಿಲ್ಲಿನಲ್ಲಿ ಐಸಿಯು ಎರಡು ದಿನ, ವಾರ್ಡ್ ಮೂರು ದಿನ, ಒಟ್ಟು ಐದು ದಿನ ಹಾಕಿದ್ದಾರೆ. ಐಸಿಯುನಿಂದ ವಾರ್ಡಿಗೆ ತಂದ ಬುಧವಾರವನ್ನು ಎರಡೂ ಕಡೆ ಹಿಡಿದ ಹಾಗಿದೆ, ಅಲ್ಲಿ 6,000 ರೂಪಾಯಿಯ ಪ್ರಶ್ನೆ. ಫಾರ್ಮಸಿ ಪುಟಗಳ ಕೊನೆಯಲ್ಲಿ ‘ಮೆಡಿಸಿನ್ ರಿಟರ್ನ್ 11,400’ ಅಂತ ಒಂದು ಸಾಲಿದೆ, ಅಂತಿಮ ಬಿಲ್ಲಿನಲ್ಲಿ ಅದನ್ನು ಕಳೆದೇ ಇಲ್ಲ. ಮಧ್ಯಾಹ್ನ ಒಂದಕ್ಕೆ ಮನೆಗೆ ಹೊರಟ ರೋಗಿಯ ಹೆಸರಿನಲ್ಲಿ ಸಂಜೆ ಆರಕ್ಕೆ ಇಂಜೆಕ್ಷನ್ ಬಂದಿದೆ! ಸ್ಟೆಂಟಿನ 38,000ಕ್ಕೆ ಕಂಪನಿಯ ಹೆಸರೂ ಇಲ್ಲ, ಬ್ಯಾಚ್ ನಂಬರೂ ಇಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಗರಿಷ್ಠ ಬೆಲೆ ಕಟ್ಟಿದಾಗ, ಬ್ರ್ಯಾಂಡ್, ತಯಾರಕರು, ಬ್ಯಾಚ್ ನಂಬರ್ ಎಲ್ಲವನ್ನೂ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣಿಸಬೇಕು ಅಂತಲೂ ಹೇಳಿತು. ಆಗ ಔಷಧ ಲೇಪಿತ ಸ್ಟೆಂಟಿಗೆ ತೆರಿಗೆ ಬಿಟ್ಟು 29,600 ಇತ್ತು, ಆಮೇಲೆ ಪರಿಷ್ಕರಣೆಯಾಗುತ್ತ ಬಂದಿದೆ. ಅಪ್ಪನಿಗೆ ಆಂಜಿಯೋಪ್ಲಾಸ್ಟಿ ಆದ ತಿಂಗಳ ಗರಿಷ್ಠ ಬೆಲೆ ಎಷ್ಟಿತ್ತೆಂದು ಪ್ರಾಧಿಕಾರದ ವೆಬ್‌ಸೈಟಿನಲ್ಲಿ ನೋಡಿ ತಾಳೆ ಮಾಡಿ.

ಇವೆಲ್ಲ ಬೇಕೆಂದೇ ಮಾಡಿದ್ದು ಅಂತ ನಾನು ಹೇಳುವುದಿಲ್ಲ. ವಾರ್ಡಿನಲ್ಲಿ ಒಬ್ಬರು, ಫಾರ್ಮಸಿಯಲ್ಲಿ ಒಬ್ಬರು, ಬಿಲ್ಲಿಂಗ್‌ನಲ್ಲಿ ಇನ್ನೊಬ್ಬರು ಕಂಪ್ಯೂಟರಿಗೆ ತುಂಬುವಾಗ ಹೀಗಾಗುತ್ತದೆ. ಕೇಳಿದಾಗ ತಿದ್ದಲಿಲ್ಲ ಅಂದರೆ ಮಾತ್ರ ಅದು ಬೇರೆ ಮಾತು. ಬಿಲ್ಲಿಂಗ್ ಮ್ಯಾನೇಜರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಜಗ್ಗದಿದ್ದರೆ ಆ ಆಸ್ಪತ್ರೆ ಇರುವ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು. 2017ರ ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನೆನಪಿರಬಹುದು, ಅದು ಇದೇ ಕಾಯ್ದೆಯ ತಿದ್ದುಪಡಿ ವಿಚಾರಕ್ಕೆ. ಮುಷ್ಕರದ ಒತ್ತಡದಲ್ಲಿ ಮಸೂದೆ ಸಾಕಷ್ಟು ಸಡಿಲವಾಯಿತು ಅನ್ನುವುದು ನನ್ನ ಅಭಿಪ್ರಾಯ, ಆದರೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಉಳಿದಿದೆ. ಅದನ್ನು ಬಳಸುವವರು ಕಡಿಮೆ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಹಣ ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿದೆ. ಎರಡು ವರ್ಷದೊಳಗೆ ದೂರು ಹಾಕಬೇಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ನಿಮ್ಮ ದೊಡ್ಡ ದುಡ್ಡು ಇರುವುದು ವಿಮೆಯಲ್ಲಿ. ಪಾಲಿಸಿ ನಾಲ್ಕು ಲಕ್ಷದ್ದು, ಕೋಣೆ ಬಾಡಿಗೆ ಮಿತಿ ಶೇಕಡಾ ಒಂದು, ಅಂದರೆ ದಿನಕ್ಕೆ 4,000. ಅಪ್ಪ ಇದ್ದ ಕೋಣೆ 6,000ದ್ದು, ಅದರಲ್ಲಿ ಮೂರನೇ ಒಂದು ಭಾಗ ಮಿತಿ ಮೀರಿದ್ದು. ಮಿತಿ ಮೀರಿದರೆ ಅದೇ ಪ್ರಮಾಣದಲ್ಲಿ ಬೇರೆ ಖರ್ಚನ್ನೂ ಕಡಿತ ಮಾಡಬಹುದು ಅಂತ ಪಾಲಿಸಿಯಲ್ಲಿದೆ. ಹಾಗಾಗಿ ವಿಮೆ ಕಂಪನಿ ‘ಇತರೆ’ ಅನ್ನುವ 30,000ವನ್ನು ಪೂರ್ತಿ ಬಿಟ್ಟು, ಉಳಿದ ಎಲ್ಲದರಲ್ಲೂ ಮೂರನೇ ಒಂದು ಭಾಗ ಕತ್ತರಿಸಿದೆ.

ಇಲ್ಲಿ ಕಂಪನಿ ಎಡವಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ಜಾರಿಗೆ ತಂದ ಮಾರ್ಗಸೂಚಿಯಂತೆ ಈ ಕಡಿತವನ್ನು ಔಷಧ ಮತ್ತು ಬಳಕೆ ಸಾಮಗ್ರಿ, ಸ್ಟೆಂಟಿನಂಥ ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳ ಮೇಲೆ ಹಾಕುವಂತಿಲ್ಲ. ಐಸಿಯು ಶುಲ್ಕದ ಮೇಲೂ ಹಾಕುವಂತಿಲ್ಲ. ನಿಮ್ಮ ಬಿಲ್ಲಿನಲ್ಲಿ ಐಸಿಯು 24,000, ಔಷಧ 92,000, ಸ್ಟೆಂಟ್ 38,000, ಲ್ಯಾಬ್ 32,000. ಒಟ್ಟು 1,86,000. ಅದರ ಮೂರನೇ ಒಂದು ಭಾಗ 62,000. ಈ ಹಣ ನಿಮ್ಮದು. ಔಷಧದ ಲೆಕ್ಕವನ್ನು ಆಸ್ಪತ್ರೆ ತಿದ್ದಿಕೊಟ್ಟರೆ ಇದು ಸ್ವಲ್ಪ ಇಳಿಯುತ್ತದೆ, ಅಷ್ಟೇ. ಕೋಣೆ ಬಾಡಿಗೆ ಮತ್ತು ಡಾಕ್ಟರ ಫೀ, ಆಂಜಿಯೋಪ್ಲಾಸ್ಟಿ ಮಾಡುವ ಕೋಣೆಯಾದ ಕ್ಯಾಥ್‌ಲ್ಯಾಬ್ ಮೇಲಿನ ಕಡಿತ ಪಾಲಿಸಿ ಪ್ರಕಾರವೇ ಇದೆ, ಅದರಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಕೋಣೆಯ ದರ್ಜೆಗೆ ತಕ್ಕಂತೆ ಈ ಫೀ ಬದಲಾಗುವುದಿಲ್ಲ ಅಂತ ತೋರಿಸಿದರೆ ಮಾತ್ರ ಆ ಕಡಿತವನ್ನೂ ಮಾಡುವಂತಿಲ್ಲ. ದರಪಟ್ಟಿ ಕೇಳಿ ನೋಡಿ. ಆ ‘ಇತರೆ’ ಒಳಗೆ ‘ಫೈಲ್ ಓಪನಿಂಗ್’, ‘ಡಿಸ್ಚಾರ್ಜ್ ಪ್ರೊಸೀಜರ್’ ಅಂತ ಬರೆದಿದ್ದಾರೆ. ಪ್ರಾಧಿಕಾರದ ಪಟ್ಟಿಯಲ್ಲಿ ಇವೆರಡೂ ಕೋಣೆ ಬಾಡಿಗೆಯೊಳಗೇ ಸೇರಿದ ಬಾಬತ್ತುಗಳು. ಬೇರೆ ಯಾಕೆ ಹಾಕಿದಿರಿ ಅಂತ ಆಸ್ಪತ್ರೆಯನ್ನು ಕೇಳಿ.

ವಿಮೆ ಕಂಪನಿಯ ದೂರು ಅಧಿಕಾರಿಗೆ ಈ ಲೆಕ್ಕವನ್ನೇ ಬರೆದು ಕಳಿಸಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಫೀಸಿಲ್ಲ, ವಕೀಲರು ಬೇಕಿಲ್ಲ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು. ಓಂಬುಡ್ಸ್‌ಮನ್ ಕೊಟ್ಟ ತೀರ್ಮಾನವನ್ನು ಕಂಪನಿ ಪಾಲಿಸಲೇಬೇಕು. ಹಣ ಬಂದ ದಿನವೇ ಸಾಲಕ್ಕೆ ಕಟ್ಟಿ, ತೀರಿದ ಮೇಲೆ ‘ಬಾಕಿ ಇಲ್ಲ’ ಪತ್ರ ಪಡೆಯಿರಿ. ಆಮೇಲೂ ಸಿಬಿಲ್‌ನಲ್ಲಿ ಬಾಕಿ ಕಾಣಿಸಿದರೆ ತಿದ್ದುಪಡಿಗೆ ದೂರು ಹಾಕಿ. 30 ದಿನ ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಆಸ್ಪತ್ರೆಗೆ, ವಿಮೆ ಕಂಪನಿಗೆ, ಫೈನಾನ್ಸ್ ಕಂಪನಿಗೆ ಬೇರೆ ಬೇರೆಯಾಗಿ ಮೂರು ಅರ್ಜಿಗಳ ಕರಡು ಬರೆದು ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದ್ದೇವೆ. ಪಾಲಿಸಿ ನಂಬರ್ ಮತ್ತು ಆಸ್ಪತ್ರೆಯ ಒಳರೋಗಿ (ಐಪಿ) ನಂಬರಿನ ಜಾಗ ಖಾಲಿ ಬಿಟ್ಟಿದೆ, ತುಂಬಿಕೊಳ್ಳಿ. ಫೈನಾನ್ಸ್ ಕಂಪನಿಯದ್ದನ್ನು ಮೊದಲು ಕಳಿಸಿ. ಮುಂದಿನ ಕಂತಿನ ತಾರೀಕು ಹತ್ತಿರವಿದೆ.