ಮಣ್ಣು ಮುಚ್ಚಿದರೆ ಗೀರು ಹೋಗುವುದಿಲ್ಲ

ಓದುಗರ ಪತ್ರ:

"ಕಳೆದ ಸಂಚಿಕೆಯಲ್ಲಿ, ಪೈಪ್‌ಲೈನ್ ಇರುವ ಕಡೆ ಅಗೆಯುವ ಮೊದಲು ಕೇಳಿ ಎಂದು ಬರೆದಿದ್ದೀರಿ. ಪೇಟೆಯಲ್ಲಿ ಕೂತು ಬರೆಯುವವರಿಗೆ ಅದು ಸುಲಭ. ನನ್ನ ಜಮೀನಿನಲ್ಲಿ ಇಂಧನದ ಪೈಪ್ ಹೋಗಿದೆ. ಹದಿನೈದು ದಿನದ ಹಿಂದೆ ಕೃಷಿ ಹೊಂಡ ತೋಡಿಸುವಾಗ ಜೆಸಿಬಿ ಬಕೆಟ್ಟಿನ ಹಲ್ಲು ಪೈಪಿಗೆ ತಾಗಿತು. ಮೇಲಿನ ಹೊದಿಕೆ ಗೇಣುದ್ದ ಕಿತ್ತು ಹೋಗಿ ಕಬ್ಬಿಣ ಕಂಡಿತು. ಏನೂ ಸೋರಲಿಲ್ಲ, ವಾಸನೆಯೂ ಬರಲಿಲ್ಲ. ಡ್ರೈವರ್ ಹುಡುಗ ಹೆದರಿ ಮಣ್ಣು ಎಳೆದುಬಿಟ್ಟ. ನಾನೂ ಸುಮ್ಮನಾದೆ. ಹೇಳಿದರೆ ಕೇಸು, ದಂಡ, ಅಲೆದಾಟ. ಇಷ್ಟು ದಿನ ಏನೂ ಆಗಿಲ್ಲ, ಇನ್ನೇನು ಆಗುತ್ತೆ? ನಾನು ಮಾಡಿದ್ದು ತಪ್ಪಾ?"
- ಹೆಸರು ಬೇಡ, ಒಬ್ಬ ಹಳೆಯ ಓದುಗ

ಸಂಪಾದಕರ ಉತ್ತರ:

ಯಜಮಾನರೇ,

ನಿಮ್ಮ ಪತ್ರದಲ್ಲಿ ಊರಿಲ್ಲ, ಫೋನ್ ನಂಬರ್ ಇಲ್ಲ. ಲಕೋಟೆ ಮೇಲಿನ ಅಂಚೆ ಮುದ್ರೆ ಮಸುಕಾಗಿದೆ. ಕಚೇರಿಯಲ್ಲಿ ನಾವು ಮೂವರು ಭೂತಗನ್ನಡಿ ಹಿಡಿದು ನೋಡಿದೆವು, ಓದಲಾಗಲಿಲ್ಲ. ಊರು ಗೊತ್ತಾಗಿದ್ದರೆ ಅಚ್ಚಾಗುವ ತನಕ ಕಾಯುತ್ತಿರಲಿಲ್ಲ. ಅದೇ ದಿನ ಪೈಪಿನವರಿಗೆ ಫೋನ್ ಮಾಡುತ್ತಿದ್ದೆ.

ಹಾಗಾಗಿ ಮುಖ್ಯ ಮಾತು ಮೊದಲು. ಪತ್ರಿಕೆ ಕೆಳಗಿಡಿ. ಹೊಲದ ಬದಿಯಲ್ಲಿ ಪೈಪಿನವರ ಕಲ್ಲೋ ಬೋರ್ಡೋ ಇದೆಯಲ್ಲ, ಅದರ ಮೇಲೆ ನಂಬರ್ ಇರುತ್ತೆ. ಬರೆದುಕೊಂಡು ಬನ್ನಿ, ಮನೆಯಿಂದ ಫೋನ್ ಮಾಡಿ. ಇಂಥಾ ಕಡೆ ಜೆಸಿಬಿ ತಾಗಿದೆ, ಹೊದಿಕೆ ಹೋಗಿದೆ, ಬಂದು ನೋಡಿ, ಅಷ್ಟು ಹೇಳಿದರೆ ಸಾಕು. ಅಕ್ಷರ ಅಳಿಸಿದ್ದರೆ 112ಕ್ಕೆ ಮಾಡಿ. ಅವರು ಬರುವ ತನಕ ಹೊಂಡದ ಕೆಲಸ ನಿಲ್ಲಲಿ. ಆ ಜಾಗದ ಮೇಲೆ ಟ್ರ್ಯಾಕ್ಟರ್ ಓಡಿಸಬೇಡಿ. ಏನಾಗಿದೆ ನೋಡೋಣ ಎಂದು ಮತ್ತೆ ಬಗೆಯಲೂ ಹೋಗಬೇಡಿ. ಫೋನ್ ಮಾಡಿ ಬಂದ ಮೇಲೆ ಮುಂದಿನದ್ದು ಓದಿ.

ನಿಮ್ಮ ಹೆದರಿಕೆ ಸುಳ್ಳಲ್ಲ. ಪಹಣಿ ನಿಮ್ಮ ಹೆಸರಲ್ಲೇ ಇದೆ. ಆದರೆ 1962ರ ಪೈಪ್‌ಲೈನ್ ಕಾಯ್ದೆ ಪ್ರಕಾರ, ಪೈಪ್ ಹೋದ ಪಟ್ಟಿಯಲ್ಲಿ ನೀವು ಬೆಳೆ ಬೆಳೆಯಬಹುದೇ ಹೊರತು ಮನೆ ಕಟ್ಟುವ ಹಾಗಿಲ್ಲ, ಬಾವಿ ಹೊಂಡ ತೋಡುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ. ಹೀಗೆ ನಿಮ್ಮ ನೆಲದಡಿ ಪೈಪ್ ಹಾಕಿಕೊಳ್ಳುವ ಹಕ್ಕಿಗೆ ಕಾಯ್ದೆ ಹೇಳುವ ಪರಿಹಾರ ಜಮೀನಿನ ಮಾರುಕಟ್ಟೆ ಬೆಲೆಯ ಶೇ. 10. ಅದು ಕಡಿಮೆಯಾಯಿತು ಎಂದು ನೀವಂದರೆ ನಾನು ವಾದ ಮಾಡುವುದಿಲ್ಲ. ಆದರೆ ಆ ಜಗಳ ಬೇರೆ, ಈ ಗೀರು ಬೇರೆ.

ಏನೂ ಸೋರಲಿಲ್ಲ ಎಂದು ಬರೆದಿದ್ದೀರಿ. ನನಗೆ ನಿದ್ದೆ ಕೆಡಿಸಿದ್ದು ಅದೇ ಸಾಲು. ಸೋರಿದ್ದರೆ ನೀವು ಓಡುತ್ತಿದ್ದಿರಿ, ಊರಿಗೆ ಹೇಳುತ್ತಿದ್ದಿರಿ. ಸೋರದ ಪೆಟ್ಟು ಯಾರ ಲೆಕ್ಕಕ್ಕೂ ಬರುವುದಿಲ್ಲ. ಪೈಪ್ ಉಕ್ಕಿನದ್ದು. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಣ್ಣಿನ ತೇವ ಕಬ್ಬಿಣಕ್ಕೆ ತಾಗದ ಹಾಗೆ ಕಾಯುತ್ತೆ. ನಿಮ್ಮ ಜಾಗದಲ್ಲಿ ಅದು ಹರಿದಿದೆ, ಅಂದರೆ ಅಲ್ಲಿ ತುಕ್ಕು ಶುರುವಾಗಬಹುದು. ಬಕೆಟ್ಟಿನ ಹಲ್ಲು ಕಬ್ಬಿಣವನ್ನೂ ಕೆರೆದಿದ್ದರೆ ಇನ್ನೂ ಕೆಟ್ಟದ್ದು. ಅಲ್ಲಿ ಪೈಪಿನ ಗೋಡೆ ತೆಳುವಾಗಿರುತ್ತೆ. ಒಳಗಿನ ಒತ್ತಡ ಏರುತ್ತೆ, ಇಳಿಯುತ್ತೆ. ಪ್ರತಿ ಸಲವೂ ಆ ತೆಳು ಜಾಗ ಒಂದಿಷ್ಟು ಹಿಗ್ಗುತ್ತೆ. ಕಬ್ಬಿಣದ ಸರಳನ್ನು ಅತ್ತಿತ್ತ ಬಗ್ಗಿಸುತ್ತಾ ಹೋದರೆ ಕೊನೆಗೊಮ್ಮೆ ಪಟ್ ಅನ್ನುತ್ತಲ್ಲ, ಹಾಗೆ. ದೂರದೂರಿಗೆ ಹೋಗುವ ದೊಡ್ಡ ಗ್ಯಾಸ್ ಪೈಪುಗಳಲ್ಲಿ ಒತ್ತಡ ಕಾರಿನ ಟೈರಿನ 30-40 ಪಟ್ಟು ಇರುವುದುಂಟು.

ಹದಿನೈದು ದಿನ ಅಂದಿರಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬೆಲಿಂಗ್‌ಹ್ಯಾಮ್ ಎಂಬ ಊರಿದೆ. 1994ರಲ್ಲಿ ಅಲ್ಲಿನ ನೀರು ಶುದ್ಧೀಕರಣ ಘಟಕದ ಕಾಮಗಾರಿಯಲ್ಲಿ ಅಗೆಯುವ ಯಂತ್ರ ಪೆಟ್ರೋಲ್ ಪೈಪಿಗೆ ತಾಗಿತ್ತು. ಐದು ವರ್ಷ ಏನೂ ಆಗಲಿಲ್ಲ. 1999ರ ಜೂನ್ 10ರಂದು ಪೈಪ್ ಒಡೆಯಿತು. ಸುಮಾರು 9 ಲಕ್ಷ ಲೀಟರ್ ಪೆಟ್ರೋಲ್ ಪಕ್ಕದ ಹಳ್ಳಕ್ಕೆ ಹರಿಯಿತು. ಹಳ್ಳದ ದಂಡೆಯಲ್ಲಿ ಹತ್ತು ವರ್ಷದ ಇಬ್ಬರು ಹುಡುಗರು ಆಡುತ್ತಿದ್ದರು. ಹದಿನೆಂಟರ ಒಬ್ಬ ಹುಡುಗ ಮೀನು ಹಿಡಿಯುತ್ತಿದ್ದ. ಮೂವರೂ ಉಳಿಯಲಿಲ್ಲ. ಕಂಪನಿಯದ್ದೂ ತಪ್ಪಿತ್ತು. ಪೈಪಿನೊಳಗೆ ಕಳಿಸಿದ ತಪಾಸಣೆ ಯಂತ್ರ ಅಲ್ಲೇನೋ ಇದೆ ಎಂದು ತೋರಿಸಿದ್ದರೂ ಅವರು ಅಗೆದು ನೋಡಿರಲಿಲ್ಲ. ತಾಗಿದ ದಿನವೇ ವಿಷಯ ಗೊತ್ತಾಗಿ ದುರಸ್ತಿಯಾಗಿದ್ದರೆ ಆ ಹುಡುಗರಿಗೆ ಈಗ ಮೂವತ್ತು, ನಲವತ್ತು ದಾಟಿರುತ್ತಿತ್ತು.

ಇನ್ನೊಂದು ಬೆಲ್ಜಿಯಂನ ಗಿಲೆಂಗಿಯನ್ ಎಂಬ ಜಾಗದ್ದು. ಅಲ್ಲೊಂದು ಕೈಗಾರಿಕಾ ಪ್ರದೇಶ, ನೆಲದಡಿ ದೊಡ್ಡ ಗ್ಯಾಸ್ ಪೈಪ್. ಕಾಮಗಾರಿಯ ಯಂತ್ರವೊಂದು ಅದಕ್ಕೆ ಗೀರು ಹಾಕಿತ್ತು. ಪೈಪಿನ ಮೇಲೆ ಮಣ್ಣಿತ್ತು, ಎಲ್ಲ ಸರಿಯಿದ್ದ ಹಾಗೇ ಕಾಣುತ್ತಿತ್ತು. ಆಮೇಲೆ ಪೈಪಿನ ಒತ್ತಡ ಏರಿಸಿದರು. 2004ರ ಜುಲೈ 30ರ ಬೆಳಗ್ಗೆ ಗ್ಯಾಸ್ ಸೋರುತ್ತಿದೆ ಎಂದು ಅಗ್ನಿಶಾಮಕದವರನ್ನು ಕರೆದರು. ಅವರು ಬಂದು ಜನರನ್ನು ದೂರ ಕಳಿಸುತ್ತಿರುವಾಗಲೇ ಪೈಪ್ ಸಿಡಿಯಿತು. 24 ಜನ ಸತ್ತರು. ಕಾಪಾಡಲು ಬಂದವರೂ ಅವರಲ್ಲಿದ್ದರು. ಈ ಘಟನೆಯನ್ನು ನಾನು ಎಷ್ಟು ಸಲ ಓದಿದ್ದೇನೋ. ಪ್ರತಿ ಸಲವೂ ಗೀರು ಬಿದ್ದ ದಿನಕ್ಕೇ ಮನಸ್ಸು ಹೋಗಿ ನಿಲ್ಲುತ್ತೆ. ಅವತ್ತು ಒಂದು ಫೋನ್ ಸಾಕಿತ್ತು.

ವಾಸನೆ ಬರಲಿಲ್ಲ ಎಂದೂ ಬರೆದಿದ್ದೀರಿ. ನೈಸರ್ಗಿಕ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಪೇಟೆಯಲ್ಲಿ ಮನೆಮನೆಗೆ ಬರುವ ಗ್ಯಾಸಿಗೆ ಕೊಳೆತ ಮೊಟ್ಟೆಯಂಥ ವಾಸನೆಯ ರಾಸಾಯನಿಕ ಬೇಕೆಂದೇ ಬೆರೆಸುತ್ತಾರೆ. ದೂರದೂರಿಗೆ ಹೋಗುವ ಎಷ್ಟೋ ಪೈಪುಗಳಲ್ಲಿ ಅದನ್ನು ಬೆರೆಸಿರುವುದಿಲ್ಲ. ಮೂಗನ್ನೇ ನಂಬಿ ಕೂರುವ ಹಾಗಿಲ್ಲ.

ಹಾಗಾದರೆ ಏನನ್ನು ನೋಡಬೇಕು? ತುಮಕೂರು ಕಡೆ ಒಮ್ಮೆ ಗ್ಯಾಸ್ ಪೈಪಿನ ದಾರಿಯುದ್ದಕ್ಕೂ ನಡೆದು ಕಾಯುವ ಒಬ್ಬರ ಜೊತೆ ಬೆಳಗ್ಗೆಯಿಂದ ಮಧ್ಯಾಹ್ನದ ತನಕ ನಡೆದೆ. ಕೈಯಲ್ಲಿ ಕೋಲು, ಹೆಗಲಲ್ಲಿ ನೀರಿನ ಬಾಟಲಿ, ಎಲ್ಲಿದ್ದಾರೆಂದು ಕಚೇರಿಗೆ ತೋರಿಸುವ ಒಂದು ಯಂತ್ರ. ದಾರಿಯಲ್ಲಿ ಎಲ್ಲರೂ ಅವರನ್ನು ಮಾತಾಡಿಸುತ್ತಿದ್ದರು. ಯಾರ ಮಗಳ ಮದುವೆ, ಯಾರು ಬೋರ್ ಕೊರೆಸುವ ಯೋಚನೆಯಲ್ಲಿದ್ದಾರೆ, ಯಾರ ಬದುವಿಗೆ ಜೆಸಿಬಿ ಬರುತ್ತೆ, ಎಲ್ಲ ಗೊತ್ತು ಅವರಿಗೆ. ಒಂದು ಕಡೆ ನಿಂತು ಹುಲ್ಲು ತೋರಿಸಿದರು. "ಸುತ್ತ ಹಸಿರಿದ್ದು ಮಧ್ಯದಲ್ಲಿ ಮಾತ್ರ ಹುಲ್ಲು ಒಣಗಿದ್ರೆ ಅನುಮಾನ ಪಡ್ಬೇಕು ಸಾರ್" ಅಂದರು. ನಿಂತ ನೀರಿನಲ್ಲಿ ಗುಳ್ಳೆ ಏಳುವುದು, ಗಾಳಿ ಇಲ್ಲದೆ ಧೂಳು ಹಾರುವುದು, ಬುಸ್ ಎಂಬ ಸದ್ದು, ನೀರಿನ ಮೇಲೆ ಎಣ್ಣೆಯ ಬಣ್ಣ, ಇವೂ ಅಷ್ಟೇ. ಅಂಥದ್ದು ಕಂಡರೆ ಗಾಳಿ ಯಾವ ಕಡೆಯಿಂದ ಬರುತ್ತೆ ನೋಡಿ, ಆ ಕಡೆಗೆ ದೂರ ಓಡಬೇಕು. ಹತ್ತಿರ ನಿಂತು ಫೋನ್ ತೆಗೆಯಬಾರದು, ಗಾಡಿ ಸ್ಟಾರ್ಟ್ ಮಾಡಬಾರದು. ಪೆಟ್ರೋಲ್ ಆವಿಯೂ ಸಿಲಿಂಡರಿನಲ್ಲಿ ಬರುವಂಥ ಅಡುಗೆ ಗ್ಯಾಸೂ ಗಾಳಿಗಿಂತ ಭಾರ. ಹಳ್ಳ, ಚರಂಡಿ, ತಗ್ಗಿನಲ್ಲಿ ಕೂತಿರುತ್ತವೆ. ನಿಮ್ಮ ಹೊಂಡವೂ ತಗ್ಗೇ ಅಲ್ವಾ?

ನಿಮ್ಮ ಪೈಪಿನ ದಾರಿಯಲ್ಲೂ ಅಂಥ ಒಬ್ಬರು ನಡೆಯುತ್ತಿರಬೇಕು. ಹೊಂಡ ತೋಡುವ ಮೊದಲು ಅವರಿಗೆ ಒಂದು ಮಾತು ಹೇಳಿದ್ದರೆ ಬಂದು ಪೈಪ್ ಎಲ್ಲಿದೆ ಎಂದು ಗುರುತು ಹಾಕಿ ಕೊಡುತ್ತಿದ್ದರು. ಹೊಂಡವನ್ನು ಪಟ್ಟಿಯಿಂದ ಆಚೆ ಸರಿಸಬಹುದಿತ್ತು. ಇದನ್ನು ನೋಯಿಸಲು ಹೇಳುತ್ತಿಲ್ಲ. ಆದರೆ ಹೇಳದೆ ಇರಲಾರೆ.

ಕಂಪನಿಗಳ ಪರವಾಗಿ ಮಾತಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಆಂಧ್ರದ ಆಗಿನ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಎಂಬ ಹಳ್ಳಿಯಲ್ಲಿ 2014ರ ಜೂನ್ 27ರ ನಸುಕಿನಲ್ಲಿ ಗ್ಯಾಸ್ ಪೈಪ್ ಸೋರಿ ಊರಿಗೇ ಬೆಂಕಿ ಹತ್ತಿತು. ತೆಂಗಿನ ಮರಗಳು ನಿಂತಲ್ಲೇ ಕರಕಲಾದವು. 20ಕ್ಕೂ ಹೆಚ್ಚು ಜನ ಹೋದರು. ಅಲ್ಲಿ ಯಾವ ರೈತನೂ ಅಗೆದಿರಲಿಲ್ಲ. ಗ್ಯಾಸಿನ ಜೊತೆ ನೀರಿನ ಅಂಶ ಹರಿದು ಪೈಪ್ ಒಳಗಿನಿಂದ ತುಕ್ಕು ಹಿಡಿದಿತ್ತು. ಮೊದಲೇ ಸೋರಿಕೆ ಬಗ್ಗೆ ಹೇಳಿದ್ದೆವು ಎಂದು ಊರವರು ಗೋಳಾಡಿದರು. ಹೇಳಿದ ಮಾತನ್ನು ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳದಿದ್ದರೆ, ಹೇಳುವವರೂ ಒಂದು ದಿನ ಬಾಯಿ ಮುಚ್ಚಿಕೊಳ್ಳುತ್ತಾರೆ.

ನನ್ನ ಸಂಕಟ ಇರುವುದು ಇಲ್ಲೇ. ಎರಡು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ನೀರಿನ ಪೈಪಿಗೆಂದು ಅಗೆಯುತ್ತಿದ್ದರು. ಮೂವರು ಕೆಲಸದವರು, ರಾಯಚೂರು ಕಡೆಯವರು. ಒಬ್ಬನ ಹಾರೆ ಮನೆಗಳಿಗೆ ಹೋಗುವ ಹಳದಿ ಗ್ಯಾಸ್ ಪೈಪಿಗೆ ತಾಗಿ ಬುಸ್ ಎಂದಿತು. ಆ ಹುಡುಗ ಹಾರೆ ಅಲ್ಲೇ ಬಿಟ್ಟು ಬೀದಿಯುದ್ದಕ್ಕೂ ಓಡಿದ. "ಒಲಿ ಆರಿಸ್ರೀ, ಲೈಟ್ ಹಾಕಬ್ಯಾಡ್ರೀ, ಹೊರಗ ಬರ್ರೀ" ಎಂದು ಪ್ರತಿ ಬಾಗಿಲಲ್ಲೂ ಕೂಗಿದ. ನಾವೆಲ್ಲ ಬೀದಿಯ ಆ ತುದಿಗೆ ಹೋಗಿ ನಿಂತೆವು. ಗ್ಯಾಸಿನವರು ಬಂದು ವಾಲ್ವ್ ಮುಚ್ಚಿದರು. ಯಾರಿಗೂ ಏನೂ ಆಗಲಿಲ್ಲ.

ಸಂಜೆ ಗುತ್ತಿಗೆದಾರನ ಮೇಸ್ತ್ರಿ ಬಂದ. ಆ ಹುಡುಗನ ಎರಡು ದಿನದ ಕೂಲಿ ಹಿಡಿದ. ಬೈದದ್ದು ಬೀದಿಗೆಲ್ಲ ಕೇಳಿಸಿತು. ಮಾರನೇ ದಿನ ಕೆಲಸಕ್ಕೆ ಬಂದವರು ಇಬ್ಬರೇ. ನಾನು ಬಾಗಿಲಲ್ಲೇ ನಿಂತಿದ್ದೆ. ಈತ ನಮ್ಮನ್ನು ಉಳಿಸಿದ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತೆ. ಉಳಿದ ಇಬ್ಬರು ಅವತ್ತು ಏನು ಕಲಿತಿರಬಹುದು ಯೋಚಿಸಿ. ಮುಂದಿನ ಸಲ ಹಾರೆ ತಾಗಿದರೆ ಅವರು ಓಡುತ್ತಾರಾ, ಮಣ್ಣು ಎಳೆಯುತ್ತಾರಾ?

ಅವರಿಗೆ ಮೀಟರ್ ಲೆಕ್ಕದಲ್ಲಿ ದುಡ್ಡು. ಕೆಳಗೆ ಏನಿದೆ ಎಂದು ತೋರಿಸುವ ನಕ್ಷೆ ಯಾರೂ ಕೊಟ್ಟಿರಲಿಲ್ಲ. 2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಎಂಬ ಆಪ್ ಬಿಡುಗಡೆ ಮಾಡಿತು. ಎಲ್ಲಿ ಅಗೆಯುತ್ತೀರಿ ಎಂದು ಅದರಲ್ಲಿ ತಿಳಿಸಿದರೆ, ಆ ನೆಲದಡಿ ಪೈಪು ಕೇಬಲ್ಲು ಇರುವವರಿಗೆ ಸುದ್ದಿ ಹೋಗುತ್ತೆ. ಬೇಕಾಬಿಟ್ಟಿ ಅಗೆತದಿಂದ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಎಂದು ಸರ್ಕಾರವೇ ಹೇಳಿತ್ತು. ಒಳ್ಳೆಯ ಕೆಲಸ. ಆದರೆ ನಮ್ಮ ಬೀದಿಗೆ ಬಂದ ಮೂವರಿಗೂ ಅದರ ಹೆಸರು ಗೊತ್ತಿರಲಿಲ್ಲ, ಕೇಳಿದರೆ ಮೇಸ್ತ್ರಿಗೂ ಗೊತ್ತಿರಲಿಲ್ಲ.

ವಿಮಾನದವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಅಮೆರಿಕದಲ್ಲಿ 1976ರಿಂದ ನಾಸಾ ಒಂದು ವ್ಯವಸ್ಥೆ ನಡೆಸುತ್ತಿದೆ. ಪೈಲಟ್ ತನ್ನಿಂದಾದ ತಪ್ಪನ್ನು ಹತ್ತು ದಿನದೊಳಗೆ ತಾನೇ ಬರೆದು ಕಳಿಸಿದರೆ, ಅದು ಬೇಕೆಂದು ಮಾಡಿದ್ದಲ್ಲದಿದ್ದರೆ, ಅಪಘಾತ ಅಪರಾಧದ ಸಂಗತಿ ಅಲ್ಲದಿದ್ದರೆ, ಸಾಮಾನ್ಯವಾಗಿ ದಂಡ ಹಾಕುವುದಿಲ್ಲ. ಹೆಸರು ಗುಟ್ಟಾಗಿರುತ್ತೆ. ಆಕಾಶದಲ್ಲಿ ಹಾರುವವನಿಗೆ ಈ ಮರ್ಯಾದೆ ಇದೆ. ನೆಲ ಅಗೆಯುವವನಿಗೆ ಯಾಕಿಲ್ಲ? ಬೋರ್ಡಿನ ಮೇಲೆ 'ಅಪಾಯ, ಅಗೆಯಬೇಡಿ, ಶಿಕ್ಷಾರ್ಹ' ಎಂದು ದಪ್ಪ ಅಕ್ಷರದಲ್ಲಿ ಬರೆಸುತ್ತಾರೆ. ಅದರ ಕೆಳಗೆ 'ತಾಗಿದರೆ ತಕ್ಷಣ ಹೇಳಿ, ಹೇಳಿದವರಿಗೆ ತೊಂದರೆ ಕೊಡುವುದಿಲ್ಲ' ಎಂದು ಕನ್ನಡದಲ್ಲಿ ಒಂದು ಸಾಲು ಬರೆಸಿದ್ದನ್ನು ನಾನು ಎಲ್ಲೂ ಕಂಡಿಲ್ಲ. ಆ ಸಾಲು ನಿಮ್ಮ ಹೊಲದ ಬೋರ್ಡಿನ ಮೇಲೆ ಇದ್ದಿದ್ದರೆ ಹದಿನೈದು ದಿನ ನೀವು ಈ ಭಾರ ಹೊರುತ್ತಿರಲಿಲ್ಲ. ಪೈಪ್‌ಲೈನ್ ನಡೆಸುವ ಎಲ್ಲರೂ ಇದನ್ನು ಓದಲಿ ಎಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕೇಸ್ ಆಗುವುದೇ ಇಲ್ಲ ಎಂದು ನಾನು ನಿಮಗೆ ಮಾತು ಕೊಡಲಾರೆ. ಆದರೆ ನಾವಾಗಿ ಹೇಳಿದರೆ ಒಂದು ರೀತಿ, ಅವರಾಗಿ ಪತ್ತೆ ಮಾಡಿದರೆ ಇನ್ನೊಂದು ರೀತಿ. ಅನಾಹುತ ಆದ ಮೇಲಂತೂ ಮಾತೇ ಬೇರೆ. ತಪ್ಪಾ ಎಂದು ಕೇಳಿದ್ದೀರಿ. ಹೌದು, ಮುಚ್ಚಿದ್ದು ತಪ್ಪು. ಆದರೆ ಅದು ಕೊರೆಯದಿದ್ದರೆ ನೀವು ಪತ್ರ ಬರೆಯುತ್ತಲೇ ಇರಲಿಲ್ಲ. ಯಾರಿಗೂ ಗೊತ್ತಿಲ್ಲದ ವಿಷಯವನ್ನು ನೀವಾಗಿ ಬಾಯಿಬಿಟ್ಟು ಹೇಳಿದ್ದೀರಿ. ಅದಕ್ಕೆ ನನಗೆ ನಿಮ್ಮ ಮೇಲೆ ಗೌರವ ಜಾಸ್ತಿಯಾಗಿದೆ. ಅರ್ಧ ದಾರಿ ಬಂದಿದ್ದೀರಿ, ಇನ್ನರ್ಧ ಒಂದು ಫೋನ್.

ಆ ಡ್ರೈವರ್ ಹುಡುಗನನ್ನೂ ಮರೆಯಬೇಡಿ. ಅವನಿಗೂ ಇಷ್ಟು ದಿನ ನಿದ್ದೆ ಬಂದಿರಲಾರದು. ಫೋನ್ ಮಾಡುವಾಗ ಹುಡುಗನ ಮೇಲೆ ಹಾಕಬೇಡಿ, ನನ್ನ ಜಮೀನು, ನಾನು ತೋಡಿಸಿದ್ದು ಎನ್ನಿ. ಆಮೇಲೆ ಅವನನ್ನು ಕರೆದು, ಹೇಳಿದೆ ಕಣಯ್ಯಾ ಎಂದು ತಿಳಿಸಿ.

ಪೈಪಿನವರು ಬರುವ ದಿನ ಒಬ್ಬರೇ ಎದುರಿಸಲು ಅಳುಕಾದರೆ ನಮ್ಮ ಕಚೇರಿಗೆ ಫೋನ್ ಮಾಡಿ. ನಂಬರ್ ಎರಡನೇ ಪುಟದಲ್ಲಿದೆ. ಹೆಸರು ಅಚ್ಚಾಗುವುದಿಲ್ಲ. ಯಾವ ಊರಾದರೂ ಸರಿ, ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ನಮ್ಮ ಬೀದಿಯಲ್ಲಿ ಅವತ್ತು ಆಡದೆ ಉಳಿದ ಮಾತನ್ನು ನಿಮ್ಮ ಹೊಲದಲ್ಲಿ ನಿಂತು ಆಡುತ್ತೇನೆ.