ಜಜ್ಜಿದ ಕೈಯನ್ನು ಮಿರಜಕ್ಕೆ ಯಾಕೆ ಒಯ್ಯುತ್ತೇವೆ

ಕೈ ಜಜ್ಜಿದರೆ ಬೆಳಗಾವಿ ಬಿಟ್ಟು ಪಕ್ಕದ ಮಹಾರಾಷ್ಟ್ರದ ಮಿರಜಕ್ಕೆ ಯಾಕೆ ಹೋಗುತ್ತೀರಿ ಎಂದು ಕೇಳುವವರಿದ್ದಾರೆ. ಗಡಿಯಲ್ಲಿರುವ ನಮ್ಮ ಕಾಗವಾಡದಿಂದ ಬೆಳಗಾವಿ 100 ಕಿಲೋಮೀಟರಿಗಿಂತ ಜಾಸ್ತಿ. ಮಿರಜ ಅರ್ಧ ಗಂಟೆಯ ದಾರಿ. ಕ್ರೈಸ್ತ ಮಿಷನರಿ ಡಾಕ್ಟರ್ ವಾನ್ಲೆಸ್ ಅಲ್ಲಿ 1894ರಲ್ಲೇ ಮಿಷನ್ ಆಸ್ಪತ್ರೆ ಶುರು ಮಾಡಿದರು. ಈಗ ಊರ ತುಂಬ ಆಸ್ಪತ್ರೆಗಳೇ. ಕನ್ನಡದಲ್ಲಿ ಮಾತಾಡಿದರೂ ನಡೆಯುತ್ತದೆ. ರಕ್ತ ಸುರಿಯುವಾಗ ಗಡಿ ಯಾರು ನೋಡುತ್ತಾರೆ?

ನಮ್ಮಲ್ಲಿ ಕೈ ಸಿಕ್ಕಿಕೊಳ್ಳುವುದು ಕಬ್ಬಿನ ಗಾಣದಲ್ಲಿ, ಮೇವು ಕತ್ತರಿಸುವ ಮಷಿನ್‌ನಲ್ಲಿ, ಟ್ರ್ಯಾಕ್ಟರಿಗೆ ಟ್ರಾಲಿ ಜೋಡಿಸುವಾಗ. ಮೂಳೆ ಚೂರಾಗಿರುತ್ತದೆ, ಚರ್ಮ ಹರಿದಿರುತ್ತದೆ, ಗಾಯದೊಳಗೆ ಮಣ್ಣು, ಗ್ರೀಸ್ ಹೊಕ್ಕಿರುತ್ತದೆ. ಅಂಥ ಕಡೆ ಮೂಳೆ ಹಿಡಿದಿಡಲು ಒಳಗೆ ಲೋಹದ ಪ್ಲೇಟ್ ಕೂರಿಸಿದರೆ ಕೀವಾಗುವ ಭಯ ಜಾಸ್ತಿ.

ಆಗ ಕೈ ಉಳಿಸುವುದು ಹೊರಗಿನ ಚೌಕಟ್ಟು. ಮುಂಬೈಯ ಡಾಕ್ಟರ್ ಬಿ.ಬಿ. ಜೋಶಿ ರೂಪಿಸಿದ ಇದನ್ನು ಡಾಕ್ಟರುಗಳು 'ಜೆಸ್' (ಜೋಶಿ ಎಕ್ಸ್‌ಟರ್ನಲ್ ಸ್ಟೆಬಿಲೈಸೇಷನ್ ಸಿಸ್ಟಮ್) ಎನ್ನುತ್ತಾರೆ, ನಮ್ಮವರು 'ತಂತಿ ಹಾಕಿದಾರೆ' ಎನ್ನುತ್ತಾರೆ. ಒಂದೆರಡು ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಗಳನ್ನು ಚರ್ಮದ ಮೇಲಿನಿಂದಲೇ ಗಟ್ಟಿ ಮೂಳೆಗೆ ಹಾಯಿಸುತ್ತಾರೆ. ಹೊರಗೆ ಪುಟ್ಟ ಕೊಂಡಿಗಳಿಂದ ಕಡ್ಡಿಗಳಿಗೆ ಬಿಗಿಯುತ್ತಾರೆ. ಚೂರಾದ ಜಾಗವನ್ನು ಕೆದಕುವುದಿಲ್ಲ. ಗಾಯ ಕಣ್ಣೆದುರೇ ಇರುತ್ತದೆ. ತೊಳೆಯಬಹುದು, ಬೇಕಾದರೆ ಬೇರೆ ಕಡೆಯ ಚರ್ಮ ತಂದು ಹಚ್ಚಬಹುದು. ಎಷ್ಟೋ ಸಲ ತೋಳಿಗಷ್ಟೇ ಅರಿವಳಿಕೆ ಸಾಕು. ತೆಗೆಯುವಾಗ ಸಾಮಾನ್ಯವಾಗಿ ಮತ್ತೆ ದೊಡ್ಡ ಆಪರೇಷನ್ ಬೇಕಿಲ್ಲ. ಖರ್ಚು ಕಡಿಮೆಯಾಗುವುದು ಅದಕ್ಕೇ.

'ಬಡವರಂತ ಕಡ್ಡಿ ಕಟ್ಟಿ ಕಳಿಸಿದರು, ಪ್ಲೇಟ್ ಹಾಕಲಿಲ್ಲ' ಎಂದು ನೆಂಟರು ಬೇಜಾರು ಮಾಡಿಕೊಳ್ಳುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ನೀಟಾಗಿ ಮುರಿದ, ಗಾಯವಿಲ್ಲದ ಮೂಳೆಗೆ ಪ್ಲೇಟ್ ಒಳ್ಳೆಯದಿರಬಹುದು. ಜಜ್ಜಿದ ಕೈಗೆ ಈ ಅಗ್ಗದ ತಂತಿಯೇ ಎಷ್ಟೋ ಸಲ ಸರಿಯಾದ ಚಿಕಿತ್ಸೆ.

ನಿಜವಾಗಿ ದುಬಾರಿ ಬೀಳುವುದು ತಡ. ಮೊದಲು ನಾಟಿ ವೈದ್ಯರ ಹತ್ತಿರ ಹೋಗಿ ಬಿದಿರು ದಬ್ಬೆ ಬಿಗಿಸಿಕೊಂಡು, ಬೆರಳು ಕಪ್ಪಾದ ಮೇಲೆ ಬರುವವರಿದ್ದಾರೆ. ಪಟ್ಟಿ ಬಿಗಿಯಾಗಿ ರಕ್ತ ಓಡಾಡದಿದ್ದರೆ ಬೆರಳೇ ಸಾಯುತ್ತದೆ. ಎರಡನೆಯದು, ಆಪರೇಷನ್ ಆದ ಮೇಲೆ ಬೆರಳು ಆಡಿಸದೇ ಇರುವುದು. ಮೂಳೆ ಕೆಲವೇ ವಾರಗಳಲ್ಲಿ ಕೂಡುತ್ತದೆ, ಆದರೆ ಸುಮ್ನೆ ಇಟ್ಟ ಬೆರಳಿನ ಕೀಲು ಅಷ್ಟರೊಳಗೆ ಬಿಗಿದುಕೊಳ್ಳುತ್ತದೆ. ಕುಡುಗೋಲು ಹಿಡಿಯಲು ಮುಷ್ಟಿ ಕಟ್ಟಬೇಕು, ಅಲ್ವಾ? ಕಬ್ಬು ಕಡಿಯುವವರು ಹಂಗಾಮಿನಲ್ಲಿ ಕೂಲಿ ಬಿಟ್ಟು ಆಸ್ಪತ್ರೆಗೆ ತೋರಿಸಲು ಬರುವುದು ಕಷ್ಟ. ಗುತ್ತಿಗೆದಾರರು ಆ ದಿನಗಳ ಕೂಲಿ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಕಣ್ಣೆದುರೇ ಹೀಗಾದರೆ ಊತ ಏರುವ ಮೊದಲೇ ಉಂಗುರ, ಬಳೆ ತೆಗೆಸಿ. ಶುದ್ಧ ಬಟ್ಟೆ ಒತ್ತಿ ಹಿಡಿದು ಕೈ ಎತ್ತರದಲ್ಲಿಡಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಬೆರಳು ತುಂಡಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಡಿ; ಬೆರಳಿಗೆ ಐಸ್ ತಾಗಬಾರದು. ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ ಎರಡು ಮಾತು ಕೇಳಿ: ಕೈಯ ಸರ್ಜನ್ ಇದ್ದಾರಾ, ನಮ್ಮ ಕರ್ನಾಟಕದ ಆರೋಗ್ಯ ಯೋಜನೆಯ ಕಾರ್ಡು ಅಲ್ಲಿ ನಡೆಯುತ್ತದಾ.