ಓದುಗರ ಪ್ರಶ್ನೆ: ರಾಣಿಯರ ಪ್ರೇಮ, ಶಾಸನದ ಸಾಲು

ಪ್ರಶ್ನೆ: ಇಷ್ಟು ದಿನ ಬರೀ ಸಾಮಾಜಿಕ ಕಾದಂಬರಿ ಓದಿದಾಕಿ ನಾ. ಗ್ರಂಥಾಲಯದಾಗ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಸಿಕ್ತು. ಅದನ್ನ ಓದಿದ ಮ್ಯಾಲೆ ಬ್ಯಾರೇದು ರುಚಿಸವಲ್ದು. ಮುಂದ ಏನು ಓದ್ಲಿ? ಅದರಾಗ ಖರೇ ಎಷ್ಟು, ಕಟ್ಟಿದ್ದು ಎಷ್ಟು ಅಂತ ತಿಳಿಯೋದು ಹೆಂಗ್ರಿ?
— ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಅಕ್ಕಾವ್ರೆ, ಮುಂದಿನ ಪುಸ್ತಕಕ್ಕೆ ಕೈ ಹಾಕುವ ಮುಂಚೆ ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ಹತ್ತಿರವೇ ಸ್ವಲ್ಪ ನಿಲ್ಲಿ. ಆಕೆ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಯ ಹೆಸರು ಸವತಿಗಂಧವಾರಣ. ಅದು ಆಕೆಯದೇ ಬಿರುದು: ಸವತಿಯರ ಪಾಲಿಗೆ ಮದ್ದಾನೆ. ಸವತಿಯರಿದ್ದರು, ಅವರ ನಡುವೆ ತನ್ನ ಜಾಗ ಯಾವುದೆಂದು ಆಕೆ ಕಲ್ಲಿನಲ್ಲೇ ಸಾರಿದಳು ಎಂದಾಯಿತು. ಶಿವಗಂಗೆಯಲ್ಲಿ ತೀರಿಕೊಂಡಳೆಂಬುದೂ ಶಾಸನದ ಮಾತೇ. ಬೆಟ್ಟದಿಂದ ಹಾರಿದಳೆಂಬುದು ಜನ ಹೇಳುವ ಕಥೆ. ಯಾರ ಹೆಂಡತಿ, ಏನು ಕಟ್ಟಿಸಿದಳು, ಏನು ದಾನ ಕೊಟ್ಟಳು ಎಂಬಲ್ಲಿಗೆ ಶಾಸನ ಸುಮ್ಮನಾಗುತ್ತದೆ. ಮಾತು, ಮುನಿಸು, ಕಾಯುವಿಕೆಯೆಲ್ಲ ಕಾದಂಬರಿಕಾರನ ಪಾಲು. ಅದನ್ನು ಸುಳ್ಳೆಂದು ತಳ್ಳಬೇಡಿ, ನಿಮ್ಮನ್ನು ಹಿಡಿದಿಟ್ಟ ಪ್ರೇಮ ಇರುವುದೇ ಅಲ್ಲಿ.

ಓದುವಾಗ ಒಂದು ನೋಟ್‌ಬುಕ್ ಜೊತೆಗಿರಲಿ. ಹೆಸರು, ಸಂಬಂಧ, ಇಸವಿ ಎಂದು ಮೂರು ಕಾಲಂ ಸಾಕು. ರಾಜಮನೆತನದಲ್ಲಿ ಹೆಸರುಗಳು ಮರಳಿ ಮರಳಿ ಬರುತ್ತವೆ, ತೊಡಕು ಅಲ್ಲೇ. ಬಾದಾಮಿಯ 2ನೇ ವಿಕ್ರಮಾದಿತ್ಯನಿಗೂ ಕಲ್ಯಾಣದ 6ನೇ ವಿಕ್ರಮಾದಿತ್ಯನಿಗೂ ನಡುವೆ 300 ವರ್ಷಕ್ಕೂ ಹೆಚ್ಚಿನ ಅಂತರವಿದೆ. ಇಸವಿ ಬರೆದುಕೊಳ್ಳದಿದ್ದರೆ ಇಬ್ಬರೂ ಒಬ್ಬರೇ ಆಗಿಬಿಡುತ್ತಾರೆ.

ಲೇಖಕರು ಕಾಲವನ್ನು ಎಷ್ಟು ಅರಿತಿದ್ದಾರೆಂದು ತಿಳಿಯಲು ಅಡುಗೆಮನೆ ನೋಡಿ. ಹೊಯ್ಸಳರ ಅರಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಅದು ತಪ್ಪು. ಖಾರಕ್ಕೆ ಆಗ ಇದ್ದದ್ದು ಕಾಳುಮೆಣಸು, ಶುಂಠಿ. ಮೆಣಸಿನಕಾಯಿ ಪೋರ್ಚುಗೀಸರು ಬಂದ ಮೇಲಿನದು.

ಮುಂದೆ ಚಿತ್ರದುರ್ಗದ ಮದಕರಿನಾಯಕನ ಕಥೆ ಹೇಳುವ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಹಿಡಿಯಿರಿ. ಪುಸ್ತಕ ದೊಡ್ಡದು, ಅವಸರ ಬೇಡ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಪ್ರೇಮಕ್ಕಾಗಿ ತೆರೆದರೆ ನಿರಾಸೆಯಾದೀತು. ಅದು 1834ರಲ್ಲಿ ಕೊಡಗಿನ ರಾಜ್ಯ ಕೈಬಿಟ್ಟುಹೋದ ಕಥೆ. ದೊಡ್ಡ ಕೃತಿ, ಆದರೆ ಸ್ವಲ್ಪ ತಡವಾಗಿ ಓದಿರಿ.

ನಡುವೆ ಒಮ್ಮೆ ನಿಮ್ಮದೇ ಜಿಲ್ಲೆಯ ಪಟ್ಟದಕಲ್ಲಿಗೆ ಹೋಗಿಬನ್ನಿ. 2ನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಈಗಿನ ವಿರೂಪಾಕ್ಷ ಗುಡಿ. ಪಕ್ಕದ ಮಲ್ಲಿಕಾರ್ಜುನ ಗುಡಿ ತ್ರೈಲೋಕ್ಯಮಹಾದೇವಿಯದು. ಇವರು ಅಕ್ಕತಂಗಿಯರು, ಇಬ್ಬರಿಗೂ ಗಂಡ ಆ ಒಬ್ಬನೇ. ಎರಡೂ ಗುಡಿಗಳನ್ನು ಒಂದೇ ಹೊತ್ತಿನಲ್ಲಿ ನೋಡಿದರೆ ರಾಣಿವಾಸದ ಪ್ರೇಮ ಎಷ್ಟು ಬಿಗಿಯಾದ ಜಾಗದಲ್ಲಿ ಬಾಳಬೇಕಿತ್ತೆಂದು ಗೊತ್ತಾಗುತ್ತದೆ.

ಪ್ರಶ್ನೆ: ಗೋಳಗುಮ್ಮಟದ ರಂಭೆಯ ಮೇಲೆ ಕಾದಂಬರಿ ಬರೀಬೇಕಂತ ಮಾಡೇನಿ. ಆಕಿ ಮ್ಯಾಲಿಂದ ಹಾರಿದ್ದು ಖರೇನ್ರಿ?
— ಓದುಗರೊಬ್ಬರು, ವಿಜಯಪುರ

ಉತ್ತರ: ರಂಭೆ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಪ್ರೀತಿಯ ನರ್ತಕಿ ಎನ್ನುತ್ತಾರೆ. ಆಕೆ ಹಾರಿದ್ದು ಬಾಯಿಂದ ಬಾಯಿಗೆ ಬಂದ ಮಾತು, ಅದರ ಮೇಲೆ ಇಡೀ ಕಾದಂಬರಿ ನಿಲ್ಲಿಸಬೇಡಿ. ಅದಕ್ಕಿಂತ ಗಟ್ಟಿಯಾದದ್ದು ಗುಮ್ಮಟದೊಳಗೇ ಇದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹ್, ಅವನ ಬೇಗಂಗಳು, ಮಗಳು, ಮೊಮ್ಮಗನ ಗೋರಿಗಳ ಜೊತೆಗೇ ರಂಭೆಯದೆಂದು ಹೇಳುವ ಗೋರಿಯೂ ಇದೆ. ಮನೆತನದ ನಡುವೆ ಆಕೆಗೆ ಜಾಗ ಸಿಕ್ಕಿದ್ದು ಹೇಗೆ? ಬೇಗಂಗಳು ಒಪ್ಪಿದರೇ? ಕಥೆ ಅಲ್ಲಿಂದ ಎತ್ತಿಕೊಳ್ಳಿ. ಸಂಭಾಷಣೆಗೆ ಹಳಗನ್ನಡದ ಠೀವಿ ತರಬೇಡಿ. ಆ ದರ್ಬಾರಿನ ಭಾಷೆ ಫಾರಸಿ ಮತ್ತು ದಖನಿ, ಅಂದರೆ ದಕ್ಖನ್ನಿನ ಉರ್ದು. ನಮ್ಮ ಕಡೆಯ ಆಡುಮಾತಿಗೆ ಆ ಎರಡರಿಂದ ಬಂದ ಶಬ್ದ ಬೇಕಾದಷ್ಟಿವೆ, ಅವನ್ನೇ ಬಳಸಿರಿ.